ಮನೆಯಲ್ಲಿ ಅಳುವ ಹಾಡು ಕೇಳಿಸಿದರೆ

(ಕುಮಾರಸ್ವಾಮಿ ಲೇಔಟಿನಲ್ಲಿ ನಿವಾಸಿಗಳ ಸಂಜೆ ಕೂಟವೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ಭಾಷಣ ಮಾಡುವುದು ನನ್ನ ಕಸುಬಲ್ಲ. ಇನ್ನೊಬ್ಬರ ಭಾಷಣವನ್ನು ಬರೆದುಕೊಂಡು ಹೋಗಿ ಪತ್ರಿಕೆಗೆ ಕೊಡುವುದು ನನ್ನ ಕೆಲಸ. ಇವತ್ತು ಮೈಕಿನ ಈ ಕಡೆ ನಿಂತಿರುವುದಕ್ಕೆ ನಮ್ಮ ಬೀದಿಯ ತಾಯಿಯೊಬ್ಬರು ಕಾರಣ. ಒಂದು ಭಾನುವಾರ ಹಾಲಿನ ಅಂಗಡಿಯ ಮುಂದೆ ನನ್ನನ್ನು ನಿಲ್ಲಿಸಿ ಅವರು ಕೇಳಿದರು: "ಏನಪ್ಪಾ, ಪೇಪರ್‌ನಲ್ಲಿ ಇರೋನು ನೀನು, ನಿಂಗೆ ಗೊತ್ತಿರಬೇಕು. ನಮ್ಮ ಹುಡುಗ ಕಾಲೇಜಿಂದ ಬಂದವನೇ ದೀಪ ಆರಿಸಿ ಅದ್ಯಾವುದೋ ಇಂಗ್ಲಿಷ್ ಹಾಡು ಹಾಕ್ಕೊಂಡು ಮಲಗಿಬಿಡ್ತಾನೆ. ಕೇಳಿದ್ರೆ ಸಾವಿನ ಮನೆ ಥರ ಇರುತ್ತೆ. ಇದು ಕಾಯಿಲೆನಾ?"

ಆ ಹೊತ್ತಿಗೆ ಏನೋ ಸಮಾಧಾನ ಹೇಳಿ ಜಾರಿಕೊಂಡೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಈ ಬಡಾವಣೆಯಲ್ಲಿ ಕಾಲೇಜು ಹುಡುಗರಿಗೇನೂ ಕೊರತೆಯಿಲ್ಲ. ಎಷ್ಟು ಮನೆಗಳಲ್ಲಿ ಎಷ್ಟು ತಾಯಂದಿರು ಇದೇ ಪ್ರಶ್ನೆಯನ್ನು ನುಂಗಿಕೊಂಡಿದ್ದಾರೋ!

ಮೊದಲು ಆ ಹಾಡು ಯಾವುದೆಂದು ಹುಡುಗನನ್ನೇ ಕೇಳಿದೆ. ಅಮೆರಿಕದ ಮಿನೆಸೊಟಾ ರಾಜ್ಯದ ಡುಲೂತ್ ಎಂಬ ಊರಿನ 'ಲೋ' ಎಂಬ ತಂಡ 1994ರಲ್ಲಿ ಹೊರತಂದ ಮೊದಲ ಆಲ್ಬಂ ಅದು. ಹೆಸರು 'ಐ ಕುಡ್ ಲಿವ್ ಇನ್ ಹೋಪ್'. ಇಂಥವನ್ನು 'ಇಂಡೀ ರಾಕ್' ಎನ್ನುತ್ತಾರೆ. ದೊಡ್ಡ ಕಂಪನಿಗಳ ಹಂಗಿಲ್ಲದೆ, ಸಣ್ಣ ಖರ್ಚಿನಲ್ಲಿ ತಮಗೆ ತೋಚಿದಂತೆ ಹಾಡಿಕೊಳ್ಳುವವರ ಸಂಗೀತ ಎಂದು ಸ್ಥೂಲವಾಗಿ ತಿಳಿದರೆ ಸಾಕು.

ತಂಡದಲ್ಲಿ ಇದ್ದವರು ಮೂವರೇ. ಗಿಟಾರ್ ನುಡಿಸುತ್ತ ಹಾಡುವ ಅಲನ್ ಸ್ಪಾರ್‌ಹಾಕ್, ಅವರ ಪತ್ನಿ ಮಿಮಿ ಪಾರ್ಕರ್, ಜೊತೆಗೊಬ್ಬ ಬೇಸ್ ವಾದಕ. ರಾಕ್ ಎಂದರೆ ಕಿವಿಗಡಚಿಕ್ಕುವ ಅಬ್ಬರ ಎಂದೇ ಲೋಕ ನಂಬಿದ್ದ ಕಾಲವದು. ಇವರು ಅದಕ್ಕೆ ಬೆನ್ನು ಹಾಕಿದರು. ಪಾರ್ಕರ್ ಅವರ ಮುಂದೆ ಡ್ರಮ್ಮುಗಳ ರಾಶಿ ಇರಲಿಲ್ಲ. ಒಂದೆರಡು ವಾದ್ಯಗಳ ಮುಂದೆ ನಿಂತುಕೊಂಡೇ, ಹೆಚ್ಚಾಗಿ ಬ್ರಶ್ಶಿನಿಂದ ಸವರಿದಂತೆ ನುಡಿಸುತ್ತಿದ್ದರು. ಕೇಳುಗರು ಗಲಾಟೆ ಮಾಡಿದರೆ ತಂಡ ತನ್ನ ದನಿಯನ್ನು ಇನ್ನಷ್ಟು ತಗ್ಗಿಸುತ್ತಿತ್ತಂತೆ. ತರಗತಿಯಲ್ಲಿ ಗದ್ದಲವಾದಾಗ ಒಳ್ಳೆಯ ಮೇಷ್ಟ್ರು ಮಾಡುವುದೂ ಇದನ್ನೇ ಅಲ್ಲವೇ?

ಆ ಆಲ್ಬಂನಲ್ಲಿ ಹನ್ನೊಂದು ಹಾಡುಗಳಿವೆ. ಎಲ್ಲಕ್ಕೂ ಒಂದೊಂದೇ ಪದದ ಹೆಸರು. 'ಜೋಗುಳ' ಎಂಬ ಅರ್ಥದ ಹೆಸರಿನ ಹಾಡೊಂದು ಹೆಚ್ಚುಕಡಿಮೆ ಹತ್ತು ನಿಮಿಷ ನಡೆಯುತ್ತದೆ. ಮಾತು ಕೆಲವೇ ಸಾಲಿನಷ್ಟು, ಉಳಿದದ್ದೆಲ್ಲ ಗಿಟಾರಿನ ತಂತಿಯ ಅನುರಣನ. ಒಂದು ಪೆಟ್ಟಿಗೂ ಇನ್ನೊಂದು ಪೆಟ್ಟಿಗೂ ನಡುವೆ ಕೇಳುವವನು ಒಂದು ನಿಟ್ಟುಸಿರು ಬಿಡುವಷ್ಟು ಜಾಗ. ಗುಟ್ಟು ಇರುವುದು ಆ ಜಾಗದಲ್ಲೇ. ವೇಗದ ಹಾಡು ನಮ್ಮನ್ನು ಎಳೆದುಕೊಂಡು ಓಡುತ್ತದೆ. ನಿಧಾನದ ಹಾಡು ಪಕ್ಕಕ್ಕೆ ಸರಿದು, "ಬಾ, ಕೂತ್ಕೋ" ಎನ್ನುತ್ತದೆ. ಕೂತವನು ತನ್ನ ನೆನಪನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾನೆ.

ಇದೆಲ್ಲ ಪಶ್ಚಿಮದ ಖಯಾಲಿ ಎಂದು ಯಾರಾದರೂ ಹೇಳಿದರೆ ನನ್ನ ತಕರಾರಿದೆ. ಆ ತಾಯಿಯ ಮನೆಗೆ ಹೋದಾಗ ಶೋಕೇಸಿನಲ್ಲಿ ಕಂಡದ್ದೇನು? ಗೊಂಬೆಗಳ ಹಿಂದೆ ಭಾವಗೀತೆಗಳ ಕ್ಯಾಸೆಟ್ಟುಗಳ ಸಾಲು. ಟೇಪ್ ರೆಕಾರ್ಡರ್ ಕೆಟ್ಟು ಎಷ್ಟೋ ವರ್ಷವಾಗಿದೆ, ಆದರೂ ಎಸೆಯಲು ಮನಸ್ಸಿಲ್ಲ.

ಸಿನಿಮಾದ ಹಂಗಿಲ್ಲದ ಹಾಡು ಎಂಬರ್ಥದಲ್ಲಿ ಭಾವಗೀತೆಯೇ ಕನ್ನಡದ 'ಇಂಡೀ'. ಪಿ. ಕಾಳಿಂಗರಾಯರು (1914–1981) ನಮ್ಮ ಕವಿಗಳ ಪದ್ಯಗಳನ್ನು ಊರೂರಿಗೆ ಒಯ್ದು ಹಾಡಿದರು. 1978ರಲ್ಲಿ ಕೆ.ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಕೂಡಿಸಿದ 'ನಿತ್ಯೋತ್ಸವ' ಬಂತು. ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ಟು ಎಂದು ಅದಕ್ಕೆ ಹೆಸರು. ನಿಸಾರರು ನೆಲೆಸಿದ್ದು ಇಲ್ಲೇ ಪಕ್ಕದ ಪದ್ಮನಾಭನಗರದಲ್ಲಿ. 2020ರ ಮೇ 3ರಂದು ತೀರಿಕೊಂಡರು. ಅವರ 'ಮತ್ತದೇ ಬೇಸರ' ನೆನಪಿದೆಯೇ? ಸಂಜೆ ಹೊತ್ತಿನ ಒಂಟಿತನದ ಆ ಕವಿತೆ ಹಾಡಾಗಿ ಮನೆಮಾತಾಯಿತು. ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತ ಅದನ್ನು ಗುನುಗಿದ ಎಷ್ಟು ಮಂದಿ ಹೆಂಗಸರನ್ನು ಆಗ ಕಾಯಿಲೆಯವರೆಂದು ಕರೆದೆವು?

ಕೊಂಡಿ ಇವತ್ತಿಗೂ ಕಡಿದಿಲ್ಲ. 2010ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ 'ಪರ್ವಾಜ್' ತಂಡ ಹಾಡುವುದು ಉರ್ದು, ಕಾಶ್ಮೀರಿ ಭಾಷೆಗಳಲ್ಲಿ. 2014ರ ಅವರ ಆಲ್ಬಂ 'ಬಾರಾನ್', ಅಂದರೆ ಮಳೆ. ಭಾಷೆ ಬಾರದ ನನ್ನಂಥವರೂ ಅದನ್ನು ಕೇಳುತ್ತೇವೆ. ಮಳೆಗೆ ಭಾಷಾಂತರ ಬೇಕಿಲ್ಲವಲ್ಲ.

ಹಾಗಾದರೆ ದುಃಖದ ಹಾಡು ಯಾಕೆ ಹಿತವಾಗುತ್ತದೆ? ನಮ್ಮ ಹಿರಿಯರು ಇದನ್ನು ಬಹಳ ಹಿಂದೆಯೇ ಕೇಳಿಕೊಂಡಿದ್ದರು. ಕ್ರೌಂಚ ಪಕ್ಷಿಯ ಗೋಳು ಕಂಡ ವಾಲ್ಮೀಕಿಯ ಶೋಕವೇ ಶ್ಲೋಕವಾಯಿತು ಎಂಬ ಕಥೆ ಎಲ್ಲರಿಗೂ ಗೊತ್ತು. ತೀ.ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ' (1953) ಇದನ್ನೆಲ್ಲ ತಿಳಿಗನ್ನಡದಲ್ಲಿ ಬಿಡಿಸಿಡುತ್ತದೆ. ಬದುಕಿನಲ್ಲಿ ಬಂದದ್ದು ಶೋಕ. ಅದು ಕಲೆಯಲ್ಲಿ ಕರುಣರಸವಾಗುತ್ತದೆ. ಶೋಕದಲ್ಲಿ 'ನನ್ನದು' ಎಂಬ ಮುಳ್ಳಿರುತ್ತದೆ. ರಸದಲ್ಲಿ ನನ್ನದು, ನಿನ್ನದು ಎಂಬುದು ಕಳಚಿ, ನೋವು ಎಲ್ಲರದ್ದಾಗುತ್ತದೆ. ಎಲ್ಲರದ್ದಾದ ಹೊರೆ ಹಗುರ.

ಈಗಿನ ವಿಜ್ಞಾನಿಗಳೂ ಈ ಪ್ರಶ್ನೆಯ ಬೆನ್ನು ಹತ್ತಿದ್ದಾರೆ. 2014ರಲ್ಲಿ ಲೀಲಾ ತರುಫಿ ಮತ್ತು ಸ್ಟೆಫಾನ್ ಕೋಲ್ಶ್ ಎಂಬ ಸಂಶೋಧಕರು 772 ಮಂದಿಯನ್ನು ವಿಚಾರಿಸಿ ಸಮೀಕ್ಷೆ ಪ್ರಕಟಿಸಿದರು. ದುಃಖದ ಸಂಗೀತ ಕೇಳಿದಾಗ ಹೆಚ್ಚು ಮಂದಿಗೆ ಮೂಡಿದ ಭಾವ ದುಃಖವಲ್ಲ, ಕಳೆದುಹೋದ ದಿನಗಳ ಹಂಬಲ.

ನನ್ನದೇ ಒಂದು ಅನುಭವ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ರಸ್ತೆ ಅಪಘಾತದಲ್ಲಿ ತೀರಿಕೊಂಡ ನನ್ನದೇ ವಯಸ್ಸಿನ ಹುಡುಗನೊಬ್ಬನ ಸುದ್ದಿ ಬರೆಯಬೇಕಾಯಿತು. ಎಂಟು ಸಾಲು ಬರೆದುಕೊಟ್ಟೆ. ರಾತ್ರಿ ಆಟೋದಲ್ಲಿ ಬರುವಾಗ ಕುಣಿತದ ಹಾಡೊಂದು ಜೋರಾಗಿ ಮೊಳಗುತ್ತಿತ್ತು. ಅದು ನನ್ನನ್ನು ಗೇಲಿ ಮಾಡಿದಂತೆ ಅನ್ನಿಸಿತು. ಮನೆಗೆ ಬಂದು ನಿಧಾನದ ಹಾಡು ಹಾಕಿಕೊಂಡು ಕೂತೆ. ಅದು ಸಮಾಧಾನ ಹೇಳಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಸುಮ್ಮನೆ ಜೊತೆಗಿತ್ತು. ಎಂಟು ಸಾಲಿನಲ್ಲಿ ಹಿಡಿಸದೇ ಉಳಿದದ್ದಕ್ಕೆ ಅಲ್ಲಿ ಜಾಗ ಸಿಕ್ಕಿತು.

ಇಷ್ಟು ಹೇಳಿ ಮುಗಿಸಿದರೆ ಆ ತಾಯಿಗೆ ಅರ್ಧ ಉತ್ತರ ಕೊಟ್ಟಂತೆ. ಇನ್ನರ್ಧವೂ ಇದೆ. ಒಂದೇ ಕೊರಗನ್ನು ಮೆಲುಕು ಹಾಕುವ ಸ್ವಭಾವದವರಿಗೆ ದುಃಖದ ಹಾಡು ಔಷಧವಾಗದೆ, ಗಾಯವನ್ನು ಕೆರೆಯುವ ಉಗುರೂ ಆಗಬಹುದು ಎಂದು ಸಂಶೋಧಕರು ಎಚ್ಚರಿಸುತ್ತಾರೆ. ಆದ್ದರಿಂದ ಗಮನಿಸಬೇಕಾದ್ದು ಹಾಡನ್ನಲ್ಲ, ಹುಡುಗನನ್ನು. ಹಾಡು ಮುಗಿದ ಮೇಲೆ ಎದ್ದು ಬರುತ್ತಾನೆಯೇ? ಊಟ, ನಿದ್ದೆ ಸರಿಯಿದೆಯೇ? ಗೆಳೆಯರು ಮನೆಗೆ ಬರುತ್ತಿದ್ದಾರೆಯೇ? ಇವು ವಾರಗಟ್ಟಲೆ ತಪ್ಪಿದ್ದರೆ, ಬದುಕೇ ಬೇಡ ಎಂಬ ಮಾತು ಒಮ್ಮೆ ಬಂದರೂ ಸರಿ, ತಡ ಮಾಡಬೇಡಿ. 2022ರ ಅಕ್ಟೋಬರಿನಲ್ಲಿ ಶುರುವಾದ 'ಟೆಲಿ ಮಾನಸ್' ಸಹಾಯವಾಣಿ ಇದೆ, ಸಂಖ್ಯೆ 14416. ಕನ್ನಡದಲ್ಲೇ ಮಾತಾಡಬಹುದು. ನಮ್ಮ ನಿಮ್ಹಾನ್ಸ್ ಕೂಡ ದೂರವಿಲ್ಲ.

ಆ ಹುಡುಗನ ವಿಷಯಕ್ಕೆ ಬಂದರೆ, ಅವನು ಊಟ ಮಾಡುತ್ತಾನೆ, ಕ್ರಿಕೆಟ್ಟಿಗೂ ಹೋಗುತ್ತಾನೆ. ಬಾಗಿಲು ಬಡಿದು "ಹಾಡು ನಿಲ್ಲಿಸು" ಎನ್ನುವ ಬದಲು "ಇದ್ಯಾವ ಹಾಡೋ?" ಎಂದು ಕೇಳಿ ನೋಡಿ ಅಂದೆ. ಕೇಳಿದರಂತೆ. ಅವನು ಆ ಹತ್ತು ನಿಮಿಷದ ಜೋಗುಳವನ್ನೇ ಹಾಕಿದನಂತೆ. ಹಾಡಿದಾಕೆ ಇಬ್ಬರು ಮಕ್ಕಳ ತಾಯಿ, ಕ್ಯಾನ್ಸರಿನಿಂದ 2022ರ ನವೆಂಬರ್ 5ರಂದು ತೀರಿಕೊಂಡರು ಎಂದೂ ಹೇಳಿದನಂತೆ.

ಮತ್ತೆ ಅಂಗಡಿಯ ಮುಂದೆ ಸಿಕ್ಕಾಗ ಆ ತಾಯಿ ಹೇಳಿದ್ದಿಷ್ಟು: "ಬಲು ನಿಧಾನ ಕಣಪ್ಪಾ, ನಂಗೆ ಮಧ್ಯದಲ್ಲಿ ತೂಕಡಿಕೆ ಬಂತು. ಆದ್ರೆ ಆ ಹೆಣ್ಣುಮಗಳ ಗಂಟಲು ಚೆನ್ನಾಗಿದೆ. ಅದಿರಲಿ, ಟೇಪ್ ರೆಕಾರ್ಡರ್ ರಿಪೇರಿ ಮಾಡೋರು ಯಾರಾದ್ರೂ ಗೊತ್ತಾ? ಅವನಿಗೆ ನಮ್ಮ ಹಾಡೂ ಒಂದು ಕೇಳಿಸಬೇಕಂತೆ."

ಈ ಸಭೆಯಲ್ಲಿ ಅಂಥ ರಿಪೇರಿಯವರು ಯಾರಾದರೂ ಇದ್ದರೆ ದಯವಿಟ್ಟು ಆಮೇಲೆ ನನ್ನನ್ನು ಕಾಣಿ.