ಸಿಹಿಮೂತ್ರ ರೋಗವೂ ಹೃದಯದ ಬಳಲಿಕೆಯೂ
(ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಸಿಹಿಮೂತ್ರ ರೋಗವೆಂದೊಡನೆ ನಮಗೆ ಕಾಲಿನ ಹುಣ್ಣು, ಕಣ್ಣಿನ ಮಂಜು ನೆನಪಾಗುತ್ತವೆ. ಅದು ಹೃದಯವನ್ನೂ ಸದ್ದಿಲ್ಲದೆ ಕುಗ್ಗಿಸಬಲ್ಲದೆಂಬುದನ್ನು ನಾವು ಮರೆಯುತ್ತೇವೆ. ಇಂದು ಆ ವಿಷಯವನ್ನೇ ತಮ್ಮ ಮುಂದಿಡಲು ಬಯಸುತ್ತೇವೆ.

ಹೃದಯ ವೈಫಲ್ಯವೆಂದರೆ ಹೃದಯವು ನಿಂತುಹೋಗುವುದೆಂದಲ್ಲ. ಶರೀರಕ್ಕೆ ಬೇಕಾದಷ್ಟು ರಕ್ತವನ್ನು ಸಾಗಿಸುವ ಶಕ್ತಿ ಅದಕ್ಕೆ ಸಾಲದಾಗುವುದು. ಆಗ ಕಾಲುಗಳಲ್ಲಿಯೂ ಶ್ವಾಸಕೋಶಗಳಲ್ಲಿಯೂ ನೀರು ನಿಲ್ಲತೊಡಗುತ್ತದೆ. ರಕ್ತದಲ್ಲಿ ಸಕ್ಕರೆಯು ವರ್ಷಗಟ್ಟಲೆ ಮಿತಿಮೀರಿದ್ದರೆ ಹೃದಯಕ್ಕೆ ರಕ್ತವೀಯುವ ನಾಳಗಳು ಕಿರಿದಾಗುತ್ತವೆ. ಹೃದಯದ ಸ್ನಾಯುವೂ ಬಿರುಸಾಗುತ್ತದೆ. ರಕ್ತದೊತ್ತಡವೂ ಸೇರಿದರೆ ಕೇಡು ಮತ್ತಷ್ಟು ಹೆಚ್ಚುತ್ತದೆ.

ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಪಟ್ಟಣದಲ್ಲಿ ವೈದ್ಯರು 1948ರಿಂದ ಸಾವಿರಾರು ನಿವಾಸಿಗಳ ಆರೋಗ್ಯವನ್ನು ಪರೀಕ್ಷಿಸುತ್ತ ಬಂದರು. 1974ರಲ್ಲಿ ಅವರು ಪ್ರಕಟಿಸಿದಂತೆ, ಸಿಹಿಮೂತ್ರವುಳ್ಳ ಪುರುಷರಲ್ಲಿ ಹೃದಯ ವೈಫಲ್ಯವು ಇತರರಿಗಿಂತ ಎರಡು ಪಟ್ಟಿಗೂ ಮಿಗಿಲಾಗಿತ್ತು. ಸ್ತ್ರೀಯರಲ್ಲಿ ಸುಮಾರು ಐದು ಪಟ್ಟು.

ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ನಮ್ಮ ತಾಯಂದಿರು ತಮ್ಮ ದಣಿವನ್ನು ಯಾರಿಗೂ ಹೇಳುವುದಿಲ್ಲ. "ವಯಸ್ಸಾಯಿತು, ಏದುಸಿರು ಸಹಜ" ಎಂದು ಸುಮ್ಮನಾಗುತ್ತಾರೆ. ಮಕ್ಕಳೇ, ನಿಮ್ಮ ಅಜ್ಜಿಗೋ ತಾಯಿಗೋ ಸಿಹಿಮೂತ್ರವಿದ್ದರೆ ಗಮನಿಸಿರಿ. ನಾಲ್ಕು ಮೆಟ್ಟಿಲೇರುವಷ್ಟರಲ್ಲಿ ಮೇಲುಸಿರು ಬರುತ್ತದೆಯೇ? ಸಂಜೆಗೆ ಪಾದಗಳು ಊದಿ, ಹೆಬ್ಬೆರಳಿನಿಂದ ಒತ್ತಿದಲ್ಲಿ ಕುಳಿ ಉಳಿಯುತ್ತದೆಯೇ? ರಾತ್ರಿ ಉಸಿರುಕಟ್ಟಿ ಎದ್ದು ಕುಳಿತುಕೊಳ್ಳುತ್ತಾರೆಯೇ? ಎರಡು ಮೂರು ದಿನಗಳಲ್ಲಿಯೇ ತೂಕವು 2 ಕಿಲೋ ಏರಿದೆಯೇ? ಇವುಗಳಲ್ಲಿ ಒಂದು ಕಂಡರೂ ವೈದ್ಯರಲ್ಲಿಗೆ ಕರೆದೊಯ್ಯಬೇಕೆಂದು ಮನೆಯವರಿಗೆ ಹೇಳಿರಿ. ಕುಳಿತಲ್ಲಿಯೇ ಉಸಿರು ಸಾಲದಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಧೈರ್ಯಗೆಡಬೇಕಾಗಿಲ್ಲ. ಸಿಹಿಮೂತ್ರಕ್ಕೆಂದು ಬಂದ ಡಾಪಾಗ್ಲಿಫ್ಲೋಜಿನ್ ಎಂಬ ಔಷಧವು ಬಳಲಿದ ಹೃದಯಕ್ಕೂ ನೆರವಾಗುವುದೆಂದು 2019ರಲ್ಲಿ ತಿಳಿದುಬಂದಿತು. ಆದರೆ ಅದೇ ರೋಗಕ್ಕೆ ಕೊಡುವ ಪಿಯೋಗ್ಲಿಟಜೋನ್ ಶರೀರದಲ್ಲಿ ನೀರನ್ನು ನಿಲ್ಲಿಸಿ ಅಂಥ ಹೃದಯಕ್ಕೆ ಕೇಡುಮಾಡಬಲ್ಲದು. ಆದುದರಿಂದ ನೆರೆಮನೆಯವರ ಮಾತ್ರೆಯನ್ನು ನುಂಗುವುದೂ ಸಲ್ಲದು; ವೈದ್ಯರು ಬರೆದುದನ್ನು ತಾವಾಗಿಯೇ ನಿಲ್ಲಿಸುವುದೂ ಸಲ್ಲದು. ಉಪ್ಪಿನಕಾಯಿ ಹಪ್ಪಳಗಳು ಮಿತವಾಗಿರಲಿ. ಬೀಡಿ, ಹೊಗೆಸೊಪ್ಪು ದೂರವಿರಲಿ.

ಗಡಿನಾಡಿನ ನಮ್ಮ ಆಸ್ಪತ್ರೆಗಳಲ್ಲಿ ವೈದ್ಯರ ಭಾಷೆ ಅನೇಕ ವೇಳೆ ಅಜ್ಜಿಗೆ ತಿಳಿಯದು. ಅಜ್ಜಿಯ ಕನ್ನಡ ಅವರಿಗೆ ತಿಳಿಯದು. ಎರಡನ್ನೂ ಕಲಿತ ವಿದ್ಯಾರ್ಥಿಯು ಜೊತೆಗೆ ಹೋಗಿ, ಅಜ್ಜಿಯ ತೂಕ, ಊತ, ಉಸಿರಿನ ವಿವರಗಳನ್ನು ಬರೆದಿಟ್ಟ ಚೀಟಿಯನ್ನು ನೋಡಿ ಹೇಳಲಿ. ಕಲಿತ ವಿದ್ಯೆಯು ಮನೆಗೆ ಒದಗುವುದೆಂದರೆ ಇದೇ ಎಂದು ನಾವು ಭಾವಿಸುತ್ತೇವೆ.