ಕಲ್ನಾರಿನ ಧೂಳು, ಕ್ಯಾನ್ಸರ್ ಮತ್ತು ನಾವು

(ರಾಜ್ಯೋತ್ಸವದ ಕೂಟದಲ್ಲಿ ಆಡಿದ ಮಾತಿನ ಬರಹರೂಪ)

ನಾನು ಡಾಕ್ಟರೂ ಅಲ್ಲ, ವಿಜ್ಞಾನಿಯೂ ಅಲ್ಲ. ಊರಿನ ಸರ್ಕಾರಿ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿ, ಇಲ್ಲಿ ವೈರ್ ಎಳೆಯುವವನು. ಇವನೇನು ಕ್ಯಾನ್ಸರ್ ಬಗ್ಗೆ ಮಾತಾಡ್ತಾನೆ ಅಂತ ನಿಮಗೆ ಅನ್ನಿಸಬಹುದು. ಕಾರಣ ಹೇಳ್ತೀನಿ.

ಹೋದ ಚಳಿಗಾಲ ಜೆರ್ಸಿ ಸಿಟಿಯ ಒಂದು ಹಳೇ ಕಟ್ಟಡದ ಬೇಸ್‌ಮೆಂಟಿನಲ್ಲಿ ಕೆಲಸ. ಸ್ಟೀಮ್ ಪೈಪಿಗೆ ಸುತ್ತಿದ್ದ ಬಿಳಿ ಹೊದಿಕೆ ನಮ್ಮ ಲೈನಿಗೆ ಅಡ್ಡ ಬಂತು. "ಕಿತ್ತು ಬಿಸಾಕು" ಅಂದರು. ಕಿತ್ತೆ. ಅದರಲ್ಲಿ ಏನಿದೆ ಅಂತ ಯಾರೂ ಪರೀಕ್ಷೆ ಮಾಡಿಸಿರಲಿಲ್ಲ. ಸಂಜೆ ಅದೇ ಬಟ್ಟೆಯಲ್ಲಿ ಮನೆಗೆ ಹೋಗಿ ಮಗಳನ್ನು ಎತ್ತಿಕೊಂಡೆ. ಅವಳ ಕೂದಲ ಮೇಲೆ ಹಿಟ್ಟಿನಂಥ ಧೂಳು. ಮಾರನೇ ದಿನ ಜೊತೆಯವರೊಬ್ಬರು "ಅದು ಆಸ್ಬೆಸ್ಟಾಸ್ ಇರಬಹುದು ಕಣೋ" ಅಂದಾಗ ಎದೆ ಝಲ್ ಅಂತು. ಲೈಬ್ರರಿಗೆ ಹೋಗಿ ಓದೋಕೆ ಕೂತೆ.

ಆಸ್ಬೆಸ್ಟಾಸ್ ಅಂದರೆ ಕಲ್ನಾರು. ಊರಲ್ಲಿ ಎಷ್ಟೋ ಮನೆಗಳ ಮೇಲಿರುವ ಸಿಮೆಂಟ್ ಶೀಟಿನಲ್ಲಿರುವುದೂ ಇದೇ. ಇದರ ಕಥೆಯ ದೊಡ್ಡ ಭಾಗ ನಡೆದದ್ದು ನಮ್ಮ ಪಕ್ಕದಲ್ಲೇ. ಪ್ಯಾಟರ್ಸನ್‌ನಲ್ಲಿ ಕ್ಲಿನಿಕ್ ಇಟ್ಟಿದ್ದ ಡಾ. ಇರ್ವಿಂಗ್ ಸೆಲಿಕಾಫ್ ಹತ್ತಿರ ಅಲ್ಲಿನ ಕಲ್ನಾರು ಕಾರ್ಖಾನೆಯ ಕೆಲಸಗಾರರು ಬರುತ್ತಿದ್ದರು. ಆಮೇಲೆ ಅವರು ನ್ಯೂಯಾರ್ಕ್-ನ್ಯೂಜೆರ್ಸಿಯಲ್ಲಿ ಪೈಪಿಗೆ ಹೊದಿಕೆ ಹಾಕುತ್ತಿದ್ದ 632 ಕೆಲಸಗಾರರ ಲೆಕ್ಕ ತೆಗೆದು 1964ರಲ್ಲಿ ಪ್ರಕಟಿಸಿದರು. ಸಾಮಾನ್ಯ ಲೆಕ್ಕದಲ್ಲಿ ಅಷ್ಟು ಜನರಲ್ಲಿ ಆರೇಳು ಮಂದಿ ಶ್ವಾಸಕೋಶ ಮತ್ತು ಅದರ ಪೊರೆಯ ಕ್ಯಾನ್ಸರಿನಿಂದ ಸಾಯಬೇಕಿತ್ತು. ಸತ್ತವರು 45. ಪ್ಯಾಟರ್ಸನ್ ಕೆಲಸಗಾರರ ಮನೆಯವರಲ್ಲೂ ಈ ಕಾಯಿಲೆ ಮುಂದೆ ಕಂಡುಬಂತು. ಅವರು ಕಾರ್ಖಾನೆಯಲ್ಲಿ ದುಡಿದವರಲ್ಲ. ಧೂಳು ಬಟ್ಟೆಯ ಜೊತೆ ಮನೆಗೆ ಬಂದಿತ್ತು.

ಈ ಧೂಳು ಒಳಗೆ ಹೋಗಿ ಏನು ಮಾಡುತ್ತೆ? ಕಲ್ನಾರಿನ ಎಳೆ ಸೂಜಿಯಂಥದ್ದು. ಶ್ವಾಸಕೋಶದ ಹೊರಪೊರೆಗೆ ಹೋಗಿ ಕೂತರೆ ದೇಹಕ್ಕೆ ಅದನ್ನು ಕರಗಿಸಲು ಆಗುವುದಿಲ್ಲ. ವರ್ಷಗಟ್ಟಲೆ ಉರಿಯೂತ ಇದ್ದು, ಜೀವಕೋಶದ ಡಿಎನ್‌ಎ ತುಂಡಾಗುತ್ತೆ. ಡಿಎನ್‌ಎ ಅಂದರೆ ಆಫೀಸಿನಲ್ಲಿರುವ ಮೂಲ ಡ್ರಾಯಿಂಗ್ ಅಂದುಕೊಳ್ಳಿ. ಅದರ ನಕಲು ಸೈಟಿಗೆ ಬಂದು, ಆ ಪ್ರಕಾರ ಪ್ರೋಟೀನ್ ತಯಾರಾಗುತ್ತೆ. ಮೈಕ್ರೋಆರ್‌ಎನ್‌ಎ ಅನ್ನೋದು ಸುಮಾರು 22 ಅಕ್ಷರದ ಪುಟಾಣಿ ತುಣುಕು. ಅದು ಆ ನಕಲಿಗೆ ಅಂಟಿಕೊಂಡು ತಯಾರಿಕೆ ತಗ್ಗಿಸುತ್ತೆ, ನಮ್ಮ ಡಿಮ್ಮರ್ ಥರ. 1993ರಲ್ಲಿ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಇದನ್ನು ಕಂಡುಕೊಟ್ಟ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕನ್ ಅವರಿಗೆ 2024ರ ನೊಬೆಲ್ ಬಂತು.

ಕಲ್ನಾರಿನಿಂದ ಬರುವ ಮೆಸೋಥೀಲಿಯೋಮಾ ಎಂಬ ಕ್ಯಾನ್ಸರಿನಲ್ಲಿ, ಒಂಬತ್ತನೇ ಕ್ರೋಮೋಸೋಮಿನ ಒಂದು ತುಂಡೇ ಎಷ್ಟೋ ಸಲ ಕಳೆದುಹೋಗಿರುತ್ತೆ. ಕೋಶ ಮಿತಿಮೀರಿ ಬೆಳೆಯದಂತೆ ತಡೆಯುವ ಒಂದು ಜೀನ್ ಅಲ್ಲಿದೆ. ಪಕ್ಕದಲ್ಲೇ ಮಿಆರ್-31 ಎಂಬ ಮೈಕ್ರೋಆರ್‌ಎನ್‌ಎ ಜೀನೂ ಇದೆ. ಒಂದೇ ಪ್ಯಾನೆಲ್ಲಿನ ಎರಡು ಬ್ರೇಕರ್ ಒಟ್ಟಿಗೆ ಕಿತ್ತುಹೋದ ಹಾಗೆ. ನ್ಯೂಯಾರ್ಕಿನ ಸಂಶೋಧಕರು 2010ರಲ್ಲಿ ಪ್ರಯೋಗಾಲಯದ ಕ್ಯಾನ್ಸರ್ ಕೋಶಗಳಿಗೆ ಮಿಆರ್-31 ಮತ್ತೆ ಸೇರಿಸಿದಾಗ ಅವುಗಳ ಬೆಳವಣಿಗೆ ತಗ್ಗಿತು. ಮಿಆರ್-16 ಎಂಬ ಇನ್ನೊಂದರ ಮಾದರಿಯನ್ನು ಆಸ್ಟ್ರೇಲಿಯಾದಲ್ಲಿ ರೋಗಿಗಳಿಗೇ ಕೊಟ್ಟು ನೋಡಿದರು. ಸ್ಕ್ಯಾನ್ ಮಾಡಿದ 22 ಮಂದಿಯಲ್ಲಿ ಗಡ್ಡೆ ಕುಗ್ಗಿದ್ದು ಒಬ್ಬರಿಗೆ, 15 ಮಂದಿಯಲ್ಲಿ ಬೆಳೆಯದೆ ನಿಂತಿತು. ಆಸೆ ಇದೆ, ಆದರೆ ಅದನ್ನು ನಂಬಿ ಧೂಳು ಕುಡಿಯೋಕಾಗಲ್ಲ.

ಒಂದು ದಿನ ಉಸಿರಾಡಿದವರಿಗೆಲ್ಲ ಕ್ಯಾನ್ಸರ್ ಬರುತ್ತೆ ಅಂತಲ್ಲ. ಹೆಚ್ಚು ದಿನ, ಹೆಚ್ಚು ಧೂಳು ಆದಷ್ಟೂ ಅಪಾಯ ಹೆಚ್ಚು. ಕಾಯಿಲೆ ಕಾಣಿಸಿಕೊಳ್ಳೋಕೆ 20ರಿಂದ 50 ವರ್ಷ ಹಿಡಿಯುತ್ತೆ. ಆಗ ಕೆಲಸ ಕೊಟ್ಟವರೂ ಇರಲ್ಲ, ಕಟ್ಟಡವೂ ಇರಲ್ಲ, ನಮ್ಮ ಎದೆ ಮಾತ್ರ ಇರುತ್ತೆ.

ಅದಕ್ಕೇ ನನ್ನ ಮನವಿ. 1980ರಲ್ಲಿ ಅಥವಾ ಅದಕ್ಕೂ ಮುಂಚೆ ಕಟ್ಟಿದ ಕಟ್ಟಡದ ಪೈಪ್ ಹೊದಿಕೆಯಲ್ಲಿ, ಇಲ್ಲ ಅಂತ ಪರೀಕ್ಷೆಯಲ್ಲಿ ಸಾಬೀತಾಗುವವರೆಗೆ, ಕಲ್ನಾರು ಇದೆ ಅಂತಲೇ ಇಲ್ಲಿನ ಕಾನೂನು ಭಾವಿಸುತ್ತೆ. ಮುಟ್ಟಬೇಡಿ, ಕೊರೆಯಬೇಡಿ, ಒಣಗಿದ್ದನ್ನು ಗುಡಿಸಬೇಡಿ. ಪರೀಕ್ಷೆಯ ರಿಪೋರ್ಟ್ ಕೇಳಿ. ತೆಗೆಯುವ ಕೆಲಸ ತರಬೇತಿ ಪಡೆದವರದ್ದು. ಕಾಗದದ ಮಾಸ್ಕ್ ಸಾಲದು. ಬೀಡಿ-ಸಿಗರೇಟು ಇದ್ದರೆ ಬಿಡಿ; ಕಲ್ನಾರಿನ ಜೊತೆ ಸೇರಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು. ಡಾಕ್ಟರ ಹತ್ತಿರ ಹೋದಾಗ ಏನು ಕೆಲಸ ಮಾಡಿದ್ದೀರಿ ಅಂತ ತಪ್ಪದೆ ಹೇಳಿ. ಬಲವಂತ ಮಾಡಿದರೆ ಓಶಾಗೆ 1-800-321-6742 ನಂಬರಿಗೆ ಫೋನ್ ಮಾಡಬಹುದು. ವೀಸಾ ಯಾವುದಿದ್ದರೂ ದೂರು ಕೊಡುವ ಹಕ್ಕಿದೆ, ಹೆಸರು ಗುಟ್ಟಾಗಿಡಿ ಅಂತಲೂ ಕೇಳಬಹುದು.

ಒಂದು ದಿನದ ಕೂಲಿ ಹೋಗಬಹುದು ಅನ್ನೋ ಭಯ ನನಗೂ ಇತ್ತು. ಅದಕ್ಕೇ ಅವತ್ತು ಬಾಯಿ ಬಿಡಲಿಲ್ಲ. ಈಗ ಬಟ್ಟೆ ಬದಲಾಯಿಸದೆ ಮಗಳನ್ನು ಎತ್ತಿಕೊಳ್ಳಲ್ಲ. ಬೇಸ್‌ಮೆಂಟಿಗೆ ಇಳಿಯೋ ಮುಂಚೆ ರಿಪೋರ್ಟ್ ಕೇಳ್ತೀನಿ. ನೀವೂ ಕೇಳಿ. ಒಬ್ಬ ಕೇಳಿದರೆ ಬೈತಾರೆ, ಹತ್ತು ಜನ ಕೇಳಿದರೆ ತಂದು ತೋರಿಸ್ತಾರೆ.