ಹಲೀಮ್ ತಂದಿಟ್ಟ ಹುಡುಗ



ಬೆಂಗಳೂರಿನ ಶಿವಾಜಿನಗರದ ರಂಜಾನ್ ರಾತ್ರಿಗಳು ನಿಮಗೆಲ್ಲ ಗೊತ್ತು. ಇಫ್ತಾರ್ ಆದೊಡನೆ ರಸೆಲ್ ಮಾರ್ಕೆಟ್ ಸುತ್ತ ಸೀಖ್ ಕಬಾಬಿನ ಹೊಗೆ, ಸಮೋಸದ ಬಾಣಲೆ, ಹಲೀಮಿನ ಹಂಡೆ. ನನಗೆ ಹಲೀಮ್ ಎಂದರೆ ಪ್ರಾಣ. ಗೋಧಿ, ಬೇಳೆ, ಮಾಂಸ ಗಂಟೆಗಟ್ಟಲೆ ಬೆಂದು, ಕಡೆದು ಒಂದಾಗಬೇಕು. ಆತುರದಲ್ಲಿ ಮಾಡಿದ್ದು ಬರೀ ಗಂಜಿ.

ಒಮ್ಮೆ ತರಾವೀಹ್ ಮುಗಿಸಿ ತಿನ್ನಲು ಹೋದೆ. ಹತ್ತೂವರೆ ದಾಟಿತ್ತು. ತಟ್ಟೆ ತಂದಿಟ್ಟವನು ನನ್ನದೇ ಆರನೆಯ ತರಗತಿಯ ಹುಡುಗ. ಪಾಠದ ವೇಳೆ ತೂಕಡಿಸಿದನೆಂದು ಅಂದು ಬೆಳಿಗ್ಗೆಯಷ್ಟೇ ಅವನನ್ನು ನಿಲ್ಲಿಸಿದ್ದೆ. "ಮಾಮೂ ಅಂಗಡಿ, ಸರ್" ಎಂದು ತಲೆ ತಗ್ಗಿಸಿದ.

2016ರ ತಿದ್ದುಪಡಿಯಾದ ಮೇಲೆ ಹದಿನಾಲ್ಕು ತುಂಬದವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಮನೆಯವರ ಉದ್ಯೋಗಕ್ಕೆ ಶಾಲೆ ಬಿಟ್ಟ ಮೇಲೆ ನೆರವಾಗಬಹುದು. ಸೋದರಮಾವನೂ ಅದರಲ್ಲಿ ಸೇರುತ್ತಾನೆ. ಆದರೆ 2017ರ ನಿಯಮದಂತೆ ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಅದೂ ಕೂಡದು. ರಂಜಾನ್ ವ್ಯಾಪಾರವೆಲ್ಲ ಆ ಹೊತ್ತಿನದೇ!

ಮಾಮೂಗೆ ಇದನ್ನು ಹೇಳಿದೆ. "ಮಾಸ್ಟರ್ ಸಾಬ್, ಇವನ ತಾಯಿಯ ಬಾಡಿಗೆ ಬಾಕಿ, ಈದಿನ ಬಟ್ಟೆ ಎಲ್ಲಾ ಈ ತಿಂಗಳಲ್ಲೇ ಆಗಬೇಕು" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ತಿಂದು, ದುಡ್ಡು ಕೊಟ್ಟು ಬಂದೆ. ಅಂದಿನ ಹಲೀಮ್ ಚೆನ್ನಾಗಿಯೇ ಇತ್ತು, ಸುಳ್ಳು ಹೇಳಲಾರೆ.

ನಮ್ಮ ಸಂಘದ ವಿದ್ಯಾರ್ಥಿವೇತನ ಕೈಸೇರುವುದು ಈದ್ ಕಳೆದ ಮೇಲೆ. ಅದನ್ನು ಶಾಬಾನ್ ತಿಂಗಳಲ್ಲೇ ತಾಯಂದಿರ ಕೈಗೆ ಕೊಡಲಾಗುವುದೇ? ನನ್ನ ತರಗತಿಯಲ್ಲಿ ಇಂಥ ನಾಲ್ವರಿದ್ದಾರೆ. ಹೆಸರುಗಳನ್ನು ಇಲ್ಲಿ ಓದುವುದಿಲ್ಲ. ಚೀಟಿಯನ್ನು ಕಾರ್ಯದರ್ಶಿಗಳಿಗೆ ಕೊಡುತ್ತಿದ್ದೇನೆ.